ತಿರುಗಿ ನೋಡದ ಮಾರ

ಮುನಿರಾಜ್ ಫ್ಲೆಕ್ಸಿನ ಮೇಲಿನ ಎರಡು ಮೂಲೆಗಳನ್ನು ಕಿಟಕಿಯ ಸರಳಿಗೆ ಬಿಗಿದು ಕೆಳಗಿನದಕ್ಕೆ ಕೈ ಹಾಕಿದಾಗ ಚಿಕ್ಕವೆಂಕಟಮ್ಮ ಬಾಗಿಲಿಗೆ ಬಂದಳು. ಬೆಳಗಿನಿಂದ ಗಂಡನ ಹೆಣದ ಪಕ್ಕದಿಂದ ಅವಳು ಅಲುಗಿರಲಿಲ್ಲ.

"ಅದನ್ನ ಬಿಚ್ಚಪ್ಪಾ."

"ಯಾಕಮ್ಮಾ? ನಮ್ಮ ಸ್ಟ್ಯಾಂಡಿನ ಆಟೋದೋರೆಲ್ಲ ಸೇರಿ ಮಾಡ್ಸಿರೋದು."

ಫ್ಲೆಕ್ಸಿನ ತುಂಬ ಒಂದು ಕಪ್ಪು ಕುದುರೆ ಮುಂಗಾಲೆತ್ತಿ ನಿಂತಿತ್ತು. ಅದರ ಮೇಲೆ ಗಡ್ಡ ಬಿಟ್ಟು, ಜಿಮ್ಮಿನಲ್ಲಿ ಮೈ ಬೆಳೆಸಿದಂಥ, ಜನಪದ ಕತೆಯ ವೀರ ಕುದುರೆಮಾರ. 'ಮಾರನಿಗೆ ಸಾವಿಲ್ಲ' ಎಂಬ ಕೆಂಪು ಅಕ್ಷರ. ತೀರಿಹೋದವನ ಪಾಸ್‌ಪೋರ್ಟ್ ಫೋಟೋ ಕೆಳಗೆ, ಕುದುರೆಯ ಗೊರಸಿನ ಹತ್ತಿರ.

"ಅಪ್ಪನ ಎಸ್ರೇ ಇಲ್ವಲ್ಲಣ್ಣ?" ಎಂದ ಮಗ ಚಿರಂಜೀವಿ.

"ಮುನಿಸ್ವಾಮಪ್ಪ ಅಂದ್ರೆ ಯಾರ್ಗಪ್ಪಾ ಗೊತ್ತಾಯ್ತದೆ? ಆಂಡರ್ಸನ್‌ಪೇಟೆಯಿಂದ ಬಂಗಾರಪೇಟೆ ಗಂಟ ಎಲ್ರಿಗೂ ಮಾರಣ್ಣನೇ."

ಸುಳ್ಳಲ್ಲ. ಕುದುರೆಮಾರ ಈಗ ಆಟೋಗಳ ಬೆನ್ನ ಮೇಲಿದ್ದ, ಜ್ಯೂಸ್ ಅಂಗಡಿಯ ಬೋರ್ಡಿನಲ್ಲಿದ್ದ, ಕಬಡ್ಡಿ ತಂಡದ ಬನಿಯನ್ನಿನ ಮೇಲಿದ್ದ. ಅವನ ಹಾಡಿಗೆ ಯಾರೋ ಡಿಜೆ ಕೂಡಿಸಿ ಮೊಬೈಲುಗಳಿಗೆ ಹರಿಯಬಿಟ್ಟಿದ್ದರು. ಒಂದು ಕಾಲದಲ್ಲಿ ಆ ವೇಷ ಕಟ್ಟಿದವನು ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಯಲ್ಲಿದ್ದಾನೆಂದು ಹುಡುಗರು ಬಂದು ಜೊತೆಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ಮಣ್ಣಾಗೋ ದಿನಾನಾದ್ರೂ ಆ ಎಸ್ರು ಬ್ಯಾಡ," ಎಂದಳು ಚಿಕ್ಕವೆಂಕಟಮ್ಮ.

ಮುನಿರಾಜನಿಗೆ ಅರ್ಥವಾಗಲಿಲ್ಲ. ಆದರೂ ಗಂಟು ಬಿಚ್ಚಿದ.

* * *

ಬಂಗಾರಪೇಟೆ ಕಡೆಯ ಹಳ್ಳಿಗಳಲ್ಲಿ ಕುದುರೆಮಾರನ ಕತೆ ಕೇಳದವರಿರಲಿಲ್ಲ. ರಾಕ್ಷಸನೊಬ್ಬ ಊರಿನ ದನಗಳನ್ನೆಲ್ಲ ಗುಡ್ಡದ ಗವಿಯಲ್ಲಿ ಕೂಡಿಹಾಕಿದಾಗ ಮಾರ ಕುದುರೆಯೇರಿ ಒಳಹೊಕ್ಕು ಅವನ್ನು ಹೊರಗಟ್ಟಿದ. ತಾನೂ ಹೊರಬೀಳುವಷ್ಟರಲ್ಲಿ, ಒಳಗುಳಿದ ದನಗಾಹಿಯ ಕೂಗು ಕೇಳಿಸಿತು: 'ಮಾರಾ, ತಿರುಗಿ ನೋಡೋ ಮಾರಾ.' ಅವನು ಕುದುರೆ ತಿರುಗಿಸಿದ. ಗುಡ್ಡ ಮುಚ್ಚಿಕೊಂಡಿತು.

ಊರಿನವರು ಕೇಳಿಕೆಯ ಬಯಲಾಟ ಆಡಿದಾಗಲೆಲ್ಲ ಆ ಪಾತ್ರ ಮುನಿಸ್ವಾಮಪ್ಪನದು. ಸೊಂಟಕ್ಕೆ ಬಿದಿರಿನ ಕುದುರೆ ಕಟ್ಟಿಕೊಂಡು ಅವನು ಗಿರಕ್ಕನೆ ತಿರುಗಿದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಗಣಿಯಲ್ಲಿ ಅವನ ಜೋಡಿ ಕೆಲಸಗಾರ ಸೆಲ್ವರಾಜ್. ಒಮ್ಮೆ ಆಟ ನೋಡಿಬಂದವನು ಆಮೇಲೆ ಅವನನ್ನು ಬೇರೆ ಹೆಸರಿನಿಂದ ಕರೆಯಲೇ ಇಲ್ಲ. ಗಣಿಯ ಲಿಫ್ಟಾದ ಕೇಜಿನಲ್ಲಿ ಕೆಳಗಿಳಿಯುವಾಗ "ಏನ್ ಮಾರಾ, ಕುದುರೆ ಮೇಲೇ ಬಿಟ್ಯಾ?" ಎಂದು ಎಲ್ಲರನ್ನೂ ನಗಿಸುತ್ತಿದ್ದ.

ಎಂಬತ್ತಾರರ ಒಂದು ಬೆಳಗ್ಗೆ ನೆಲದಾಳದಲ್ಲಿ ಬಂಡೆ ಸಿಡಿಯಿತು. ದೂಳಿನಲ್ಲಿ ಟೋಪಿಯ ದೀಪ ಅಂಗೈ ದೂರಕ್ಕೂ ಬೆಳಕು ಕೊಡಲಿಲ್ಲ. ಮುನಿಸ್ವಾಮಪ್ಪ ಗೋಡೆ ತಡವಿಕೊಂಡು ಓಡಿದ. ಇಬ್ಬರಲ್ಲಿ ಮೇಲೆ ಬಂದವನು ಅವನೊಬ್ಬನೇ. ಸೆಲ್ವರಾಜನ ಹೆಣ ಮೂರು ದಿನದ ಮೇಲೆ ಸಿಕ್ಕಿತು.

ಗುಡ್ಡದೊಳಗಿಂದ ಮಾರ ಬದುಕಿಬಂದ ಎಂದು ಊರಿನವರು ಹಾರ ಹಾಕಿದರು. ಗೆಳೆಯನನ್ನು ಎಳೆದು ತರಲು ಕೈಲಾದಷ್ಟು ಹೆಣಗಿದನಂತೆ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಅದಕ್ಕೆ ಸೇರಿಸಿದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆ ವರ್ಷ ಕೇಳಿಕೆ ಮೇಷ್ಟ್ರು ಸೀನಪ್ಪ ಕರೆಯಲು ಬಂದಾಗ ಬಿದಿರಿನ ಕುದುರೆಯನ್ನು ಅವರ ಕೈಗೇ ಕೊಟ್ಟು ಕಳಿಸಿದ. ಹೆಸರನ್ನು ಮಾತ್ರ ಯಾರೂ ವಾಪಸು ತೆಗೆದುಕೊಳ್ಳಲಿಲ್ಲ.

ಗಣಿ ಮುಚ್ಚಿದ ಮೇಲೆ ಬೆಂಗಳೂರಿನ ಒಂದು ಗೋದಾಮಿಗೆ ವಾಚ್‌ಮನ್ ಆಗಿ ದಿನಾ ರೈಲಿನಲ್ಲಿ ಹೋಗಿಬಂದ. ಬೋಗಿಯಲ್ಲಿ ಯಾರದಾದರೂ ಮೊಬೈಲಿನಿಂದ ಮಾರನ ಆ ಹಾಡು ಬಂದರೆ ಎದ್ದು ಬಾಗಿಲಲ್ಲಿ ನಿಲ್ಲುತ್ತಿದ್ದ. ಬೀದಿಯಲ್ಲಿ ಹಿಂದಿನಿಂದ "ಮಾರಣ್ಣಾ" ಎಂದರೆ ತಿರುಗುತ್ತಿರಲಿಲ್ಲ. ಕಿವಿ ಮಂದವಾಗಿದೆ ಅಂದುಕೊಂಡರು ಜನ.

* * *

ಹನ್ನೊಂದರ ಹೊತ್ತಿಗೆ ಆಂಡರ್ಸನ್‌ಪೇಟೆಯಿಂದ ಸೆಲ್ವರಾಜನ ಹೆಂಡತಿ ಪಾಪಕ್ಕ ಹಾರ ಹಿಡಿದು ಬಂದಳು. ಎಪ್ಪತ್ತು ದಾಟಿದ ಹೆಂಗಸು, ಮಂಡಿನೋವು. ವರ್ಷವರ್ಷ ಪೊಂಗಲ್ ದಿನ ಅವಳ ಮನೆಯಿಂದ ಒಂದು ಡಬ್ಬಿ ಸಿಹಿ ಬರುತ್ತಿತ್ತು. ಮುನಿಸ್ವಾಮಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಮಗನಿಗೆ ಕೊಟ್ಟುಬಿಡುತ್ತಿದ್ದ.

"ದ್ಯಾವ್ರಂಥ ತಂಬಿ," ಎಂದು ಪಾಪಕ್ಕ ಹೆಣದ ಕಾಲು ಮುಟ್ಟಿದಳು. "ನಮ್ಮೋರ್ಗೋಸ್ಕರ ಪ್ರಾಣ ಕೊಡಕ್ಕೂ ನಿಂತಿದ್ದ."

ಚಿಕ್ಕವೆಂಕಟಮ್ಮ ಅವಳ ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು.

"ಅಕ್ಕಾ, ಇವತ್ತು ಯೇಳ್ದಿದ್ರೆ ಇನ್ಯಾವತ್ತೂ ಯೇಳಕ್ಕಾಗಲ್ಲ. ಬಂಡೆ ಬಿದ್ಮ್ಯಾಕೆ ಸೆಲ್ವಣ್ಣ ಕೂಗಿದ್ರಂತೆ. ಮಾರಾ, ಮಾರಾ ಅಂತ. ನಮ್ಮೆಜಮಾನ್ರು ಕೇಳಿಸ್ಕಂಡ್ರು. ತಿರುಗ್ನಿಲ್ಲ. ಓಡ್ಬಂದ್ಬುಟ್ರು."

ಪಾಪಕ್ಕ ಗೋಡೆಗೆ ಕೈ ಕೊಟ್ಟಳು.

"ಎಷ್ಟ್ ಸಲ ಕೂಗಿದ್ರಂತೆ?"

"ಮೂರ್ ಸಲ. ಆಮ್ಯಾಕೆ ಕೇಳಿಸ್ನಿಲ್ವಂತೆ."

"ಅಂಗಾದ್ರೆ ಜೀವ ಇತ್ತು," ಎಂದಳು ಪಾಪಕ್ಕ. "ಏಟು ಬಿದ್ದೇಟ್ಗೇ ಓಗ್ಬುಟ್ರು, ನೋವೇ ಗೊತ್ತಾಗಿರಲ್ಲ ಅಂದಿದ್ರು ನಂಗೆ. ಇಷ್ಟ್ ವರ್ಷ ಅದೊಂದೇ ಸಮಾದಾನ."

"ತಪ್ಪಾಯ್ತಕ್ಕ."

 ಪಾಪಕ್ಕ ಗೋಡೆ ಹಿಡಿದುಕೊಂಡೇ ಬೀದಿಗೆ ನಡೆದಳು. ಮನೆಗೆ ಹೊರಟುಹೋದಳೆಂದೇ ಚಿಕ್ಕವೆಂಕಟಮ್ಮ ತಿಳಿದಳು.

* * *

ತಮಟೆ ಮುಂದೆ, ಚಟ್ಟದ ಹಿಂದೆ ಹೆಂಗಸರು, ಅವರ ಹಿಂದೆ ಸಾಲಾಗಿ ಆಟೋಗಳು. ಒಬ್ಬ ಆಟೋದವನು ಸ್ಪೀಕರಿನಲ್ಲಿ ಹಾಡು ಹಾಕಿದ. 'ತಿರುಗಿ ನೋಡೋ ಮಾರಾ' ಎಂಬುದು ಡಿಜೆಯ ಬಡಿತದೊಡನೆ ಮೊದಲಾಗುತ್ತಲೇ ಮುನಿರಾಜ್ ಓಡಿಹೋಗಿ ವೈರು ಕಿತ್ತ. "ಅಮ್ಮ ಬ್ಯಾಡ ಅಂದವ್ರೆ ಕಣ್ಲಾ."

ಗಣಿಮಣ್ಣಿನ ದಿಬ್ಬದ ಕೆಳಗೆ, ಅರ್ಧದಾರಿಯಲ್ಲಿ, ಚಟ್ಟ ಇಳಿಸಿದರು. ಹೆಂಗಸರು ಬರುವುದು ಅಲ್ಲಿಯವರೆಗೆ. ಹೂಳುವ ಮೊದಲು ಅಲ್ಲಿ ಸತ್ತವರ ಕಿವಿಯಲ್ಲಿ ಮೂರು ಸಲ ಕರೆಯುತ್ತಾರೆ. ಜೀವವೇನಾದರೂ ಉಳಿದಿದ್ದರೆ ಓಗೊಡಲಿ ಎಂದು. ಚಿರಂಜೀವಿ ಬಗ್ಗಿ "ಅಪ್ಪಾ" ಎಂದು ಮೂರು ಸಲ ಕರೆದು ಬಿಕ್ಕಿದ.

"ಬೇಕಾದೋರು ಕರೀರಪ್ಪಾ," ಎಂದರು ಹಿರಿಯರೊಬ್ಬರು.

ಮುನಿರಾಜ್ ಮಂಡಿಯೂರಿ "ಮಾ..." ಎಂದವನು ಚಿಕ್ಕವೆಂಕಟಮ್ಮನ ಮುಖ ನೋಡಿ ತಡೆದ. ಬೇರೆ ಹೇಗೆ ಕರೆಯಬೇಕೆಂದು ತೋಚದೆ ಎದ್ದುಬಿಟ್ಟ.

ಆಗ ಗುಂಪು ಸರಿದು ಜಾಗ ಬಿಟ್ಟಿತು. ಪಾಪಕ್ಕ ಒಂದೊಂದೇ ಹೆಜ್ಜೆ ಇಡುತ್ತ ಬಂದು, ನೋಯುವ ಮಂಡಿಯನ್ನು ಕೈಯಿಂದ ಮಡಿಸಿ ಕುಳಿತಳು. ದಾರಿಯುದ್ದಕ್ಕೂ ಎರಚಿದ್ದ ಪುರಿ ಹೆಣದ ಕಿವಿಯೊಳಗೆ ಸೇರಿತ್ತು. ಸೆರಗಿನ ಚುಂಗಿನಿಂದ ಅದನ್ನು ತೆಗೆದಳು.

"ಮುನಿಸ್ವಾಮೀ," ಎಂದಳು.

ತಮಟೆಯವರು ಕೈ ನಿಲ್ಲಿಸಿದರು.

"ಮುನಿಸ್ವಾಮೀ... ತಂಬೀ ಮುನಿಸ್ವಾಮೀ."

ಮೂರು ಸಲ ಆಯಿತು. ಹೊರುವವರು ಚಟ್ಟದ ಬಿದಿರಿಗೆ ಕೈ ಹಾಕಿದರು. ಪಾಪಕ್ಕ ಏಳಲಿಲ್ಲ. ಕತ್ತು ತಿರುಗಿಸಿ, ತನ್ನ ಕಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ತಂದು ಹಾಗೆಯೇ ಇಟ್ಟುಕೊಂಡಳು.