ಷರಾ ಕಾಲಂ ಇಲ್ಲದ ಪಟ್ಟಿ

ಸುಮಂಗಲಾ ಜಗಳಗಂಟಿಯಲ್ಲ. ತಿಕೋಟಾದಿಂದ ದಿನಾ ಬಸ್ಸು ಹಿಡಿದು ಬಬಲೇಶ್ವರಕ್ಕೆ ಬರುತ್ತಿದ್ದಳು. ಅಲ್ಲಿನ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಕ್ಲರ್ಕ್ ಕೆಲಸ ಮಾಡಿದ್ದರೂ ಒಬ್ಬರ ಮೇಲೂ ದನಿ ಏರಿಸಿದವಳಲ್ಲ. ಅಂಥವಳ ಹೊಟ್ಟೆಯೊಳಗೆ ಆ ಮೇ ತಿಂಗಳಲ್ಲಿ ಕಿಚ್ಚು ಹೊತ್ತಿತು. ಹೊತ್ತಿಸಿದವರು ಡಾಕ್ಟರ್ ಸಿದ್ದರಾಮ.

ವಿಜಯಪುರದ ಒಂದು ದೊಡ್ಡ ಶಿಕ್ಷಣ ಸಂಸ್ಥೆ ಹಳ್ಳಿಯ ಮಕ್ಕಳಿಗೆಂದು ನಲವತ್ತು ಸೀಟು ಇಟ್ಟಿತ್ತು. ಪಿಯುಸಿ ಸೈನ್ಸು, ಹಾಸ್ಟೆಲ್ಲು, ಊಟ ಎಲ್ಲಾ ಪುಕ್ಕಟೆ. ಮಕ್ಕಳನ್ನು ಆರಿಸುವುದು ಮಾತ್ರ ಮನುಷ್ಯರಲ್ಲ, ಸಿದ್ದರಾಮ ಕಟ್ಟಿದ ‘ಮುನ್ನೋಟ’ ಎಂಬ ಕಂಪ್ಯೂಟರ್ ಪ್ರೋಗ್ರಾಮು. ಹಿಂದಿನ ಐದು ವರ್ಷದ ಮಕ್ಕಳ ಹಾಜರಿ, ಅಂಕ, ಮನೆಯ ಸ್ಥಿತಿ, ಮೊಬೈಲು ಕಂಪ್ಯೂಟರು ಬಳಸುವ ತಿಳಿವಳಿಕೆ ಎಲ್ಲವನ್ನೂ ರಾಶಿ ಹಾಕಿ ಅದು ಅಗೆಯುತ್ತಿತ್ತಂತೆ. ಎಂಥ ಮಗು ಮುಂದೆ ಪಾಸಾಗುತ್ತದೆ, ಎಂಥದು ನಡುವೆಯೇ ಓದು ಬಿಡುತ್ತದೆ ಎಂದು ಮೊದಲೇ ಹೇಳಿಬಿಡುತ್ತಿತ್ತಂತೆ. ಡಾಟಾ ಮೈನಿಂಗ್ ಅಂದರೆ ಇದೇ ಎಂದು ಅವರು ಊರೂರಿಗೆ ಬಂದು ಭಾಷಣ ಮಾಡಿದ್ದರು. ಹಸಿರು ಬಂದ ಮಗುವಿಗೆ ಸೀಟು, ಕೆಂಪು ಬಂದದ್ದಕ್ಕೆ ಹೊಲಿಗೆ ತರಬೇತಿಯ ಒಂದು ಚೀಟಿ.

ಅದೇ ಹೈಸ್ಕೂಲಿನಲ್ಲಿ ಓದಿದ ಸುಮಂಗಲಾಳ ಮಗಳು ದಾನೇಶ್ವರಿಗೆ ಕೆಂಪು ಬಂತು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ತೊಂಬತ್ನಾಲ್ಕು ತೆಗೆದ ಹುಡುಗಿಗೆ ಹೊಲಿಗೆ ಚೀಟಿ! ಈ ಸೀಟು ಬಿಟ್ಟರೆ ಅವಳಿಗೆ ಸೈನ್ಸು ಓದುವ ಬೇರೆ ದಾರಿಯೇ ಇರಲಿಲ್ಲ. ಚೀಟಿ ನೋಡಿದ ಹುಡುಗಿ ಎರಡು ದಿನ ತುತ್ತು ಬಾಯಿಗಿಡಲಿಲ್ಲ.

ಇದಕ್ಕಿಂತ ಹೆಚ್ಚು ಉರಿಯುವ ಸಂಗತಿ ಇನ್ನೊಂದಿತ್ತು. ಆ ಡಾಟಾ ತುಂಬಿದವಳು ಸುಮಂಗಲಾಳೇ. ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಅತ್ತೆ ಸೋನಾಬಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಸುಮಂಗಲಾ ಆಫೀಸು ಬಿಡುವಂತಿರಲಿಲ್ಲ. ನಲವತ್ತೊಂದು ದಿನ ಹುಡುಗಿಯೇ ಮುದುಕಿಯ ಮಂಚದ ಪಕ್ಕ ಕೂತು, ಆರೈಕೆ ಮಾಡುತ್ತಲೇ ಓದಿದಳು. ಫಾರ್ಮಿನಲ್ಲಿ ‘ಗೈರು: 41’ ಎಂದು ಬರೆಯಲು ಜಾಗವಿತ್ತು, ಯಾಕೆ ಎಂದು ಬರೆಯಲು ಇರಲಿಲ್ಲ. ಶಾಲೆಯ ಯಾವುದೇ ಪುಸ್ತಕ ತೆಗೆಯಿರಿ, ಕೊನೆಯಲ್ಲಿ ಷರಾ ಎಂಬ ಕಾಲಂ ಇದ್ದೇ ಇರುತ್ತದೆ. ಸಾಲಿನಲ್ಲಿ ಹಿಡಿಸದ ಮಾತನ್ನು ಅಲ್ಲಿ ಬರೆಯುತ್ತಾರೆ. ಅದು ಕಾಣದೆ ಅವಳು ವಿಜಯಪುರಕ್ಕೆ ಫೋನು ಹಚ್ಚಿ ಕೇಳಿದ್ದಳು. “ಷರಾ ಗಿರಾ ಕಂಪ್ಯೂಟರಿಗಿ ಬೇಕಾಗಿಲ್ಲ, ನಂಬರ ಅಷ್ಟ ಹಾಕ್ರಿ” ಎಂದಿದ್ದರು. ಇದು ಬರೀ ಅಭ್ಯಾಸಕ್ಕೆ, ಮಕ್ಕಳಿಗೇನೂ ತೊಂದರೆಯಿಲ್ಲ ಎಂದೂ ಹೇಳಿದ್ದರು. ಅವಳು ಪ್ರಾಮಾಣಿಕಳಾಗಿ ನಲವತ್ತೊಂದು ಎಂದು ಒತ್ತಿದಳು. ‘ಸ್ವಂತ ಮೊಬೈಲು: ಇಲ್ಲ’ ಎಂಬುದನ್ನೂ ಒತ್ತಿದಳು.

ಚೀಟಿ ಹಿಡಿದುಕೊಂಡು ವಿಜಯಪುರದ ಜಲನಗರದಲ್ಲಿದ್ದ ಸಿದ್ದರಾಮರ ಮನೆಗೆ ಹೋದಳು. ಅವರು ಒಳ್ಳೆಯ ಮಾತಿನಿಂದಲೇ ಕೂರಿಸಿ, ಚಹಾ ತರಿಸಿದರು.

“ಸರ, ಆ ನಲವತ್ತೊಂದ ದಿನ ನಮ್ಮ ಅತ್ತಿಗಿ ಆರಾಮ ಇರಲಿಲ್ಲರಿ. ಹುಡುಗಿ ಶಾಣ್ಯಾ ಅದಾಳ್ರಿ. ಒಮ್ಮೆ ಕರದು ಮಾತಾಡಿಸಿ ನೋಡ್ರಿ.”

“ನೋಡಮ್ಮ,” ಎಂದರು ಸಿದ್ದರಾಮ, “ನಾನು ಯಾರಿಗೂ ಏನೂ ಮಾಡಿಲ್ಲ. ಡಾಟಾ ಹೇಳ್ತದ. ಎಲ್ಲಾ ತಾಯಂದಿರಿಗೂ ತಮ್ಮ ಮಕ್ಕಳು ಶಾಣ್ಯಾನ ಇರ್ತಾರ. ಅದೂ ಅಲ್ದ, ಟೈಪ್ ಮಾಡಿದವರು ನೀವ ಅಲ್ಲೇನು?” ಎಂದು ನಕ್ಕರು.

ಆ ನಗು ಅವಳ ಎದೆಗೆ ನಾಟಿತು. ಚಹಾ ಮುಟ್ಟದೆ ಎದ್ದು ಬಂದಳು. ಆಟೋ ಸ್ಟ್ಯಾಂಡು ಮುಟ್ಟಿದ ಮೇಲೆ ನೋಡಿಕೊಂಡರೆ ಚಪ್ಪಲಿ ಅದಲು ಬದಲಾಗಿದ್ದವು. ‘ಇರು ಮಗನ, ನಿನ್ನ ನಗು ನಿನ್ನ ಬಾಯಾಗ ತುರಕತೇನಿ’ ಎಂದು ಮನಸ್ಸಿನಲ್ಲೇ ಹಲ್ಲು ಕಡಿದಳು. ಹನ್ನೊಂದು ವರ್ಷದ ಮೆತ್ತಗಿನ ಹೆಂಗಸು ಅವತ್ತಿಗೆ ಮುಗಿದಳು.

ಹೇಗೆ ತುರುಕುವುದು ಎಂಬುದಕ್ಕೆ ಉತ್ತರ ಶಾಲೆಯ ಗೋಡೆಯ ಮೇಲೆಯೇ ಇತ್ತು. ಹೆಡ್ಮಾಸ್ತರರ ಕೋಣೆಯಲ್ಲಿ ‘ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿ’ ಎಂದು ಸಿದ್ದರಾಮರ ಫೋಟೋ ತೂಗುಹಾಕಿದ್ದರು. ಮರುದಿನ ಬೆಳಿಗ್ಗೆ ಸುಮಂಗಲಾ ಮೂಗಿಗೆ ಸೆರಗು ಕಟ್ಟಿಕೊಂಡು ದಫ್ತರು ಕೋಣೆ ಹೊಕ್ಕಳು. ಇಲಿ ಕಡಿದ ಕಟ್ಟುಗಳ ನಡುವೆ 1991ರ ಒಂಬತ್ತನೇ ತರಗತಿಯ ಹಾಜರಿ-ಅಂಕದ ಪುಸ್ತಕ ಸಿಕ್ಕಿತು. ಬೆರಳು ಸಾಲು ಸಾಲು ಇಳಿಯಿತು, ಒಂದು ಹೆಸರಿನ ಮೇಲೆ ನಿಂತಿತು. ಅಯ್ಯೋ, ಎಂಥ ಸಾಲು ಅದು! ಗೈರು ಅರವತ್ಮೂರು ದಿನ. ಗಣಿತ ಇಪ್ಪತ್ತೆಂಟು. ತಂದೆ ಇಲ್ಲ. ತಾಯಿ ದ್ರಾಕ್ಷಿ ತೋಟದ ಕೂಲಿ, ಓದು ಬರಹ ಇಲ್ಲ. ಅವಳು ಅಲ್ಲೇ ಕೂತು ಒಬ್ಬಳೇ ನಕ್ಕಳು.

‘ಮುನ್ನೋಟ’ಕ್ಕೆ ಮಕ್ಕಳ ಹೆಸರು ಬೇಕಿರಲಿಲ್ಲ, ನಂಬರು ಸಾಕು. ಅವಳು 137 ಎಂಬ ಹೊಸ ನಂಬರು ತೆರೆದು ಆ ಸಾಲನ್ನು ಒಂದಂಕಿ ಬದಲಿಸದೆ ತುಂಬಿದಳು. 1991ರಲ್ಲಿ ಕಂಪ್ಯೂಟರೆಲ್ಲಿತ್ತು ಎಂದು ಅವರು ನಾಳೆ ಜಾರಿಕೊಳ್ಳಬಾರದಲ್ಲ! ಡಿಜಿಟಲ್ ತಿಳಿವಳಿಕೆಯ ಕಾಲಮ್ಮಿಗೆ ಮಗಳಿಗಿಂತ ಹತ್ತು ಅಂಕ ಹೆಚ್ಚೇ ಕೊಟ್ಟಳು. ಸುಳ್ಳು ಎಂಟ್ರಿ ಮಾಡಿದ್ದಕ್ಕೆ ನೌಕರಿಗೆ ಕುತ್ತು ಬರಬಹುದೆಂದು ಗೊತ್ತಿತ್ತು. ಬಂದರೆ ಬರಲಿ ಎಂದು ಗುಂಡಿ ಒತ್ತಿದಳು.

ಜೂನ್ ಮೊದಲ ವಾರ ವಿಜಯಪುರದಲ್ಲಿ ಸಭೆ. ಪಟ್ಟಿಗೆ ಸಹಿ ಹಾಕಲು ಇಲಾಖೆಯ ಅಧಿಕಾರಿ ಅನುರಾಧಾ ಬಂದಿದ್ದರು. ಹೆಡ್ಮಾಸ್ತರರು, ಪಾಲಕರು ಸೇರಿ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಇಳಕಲ್ಲ ಸೀರೆಯುಟ್ಟ ಒಬ್ಬ ಮುದುಕಿ ಕೂತಿದ್ದಳು. ಸಿದ್ದರಾಮರ ತಾಯಿ ಗೌರಾಬಾಯಿ. ಮಗನ ಕಾರ್ಯಕ್ರಮ ನೋಡಲೆಂದು ಬಬಲೇಶ್ವರದಿಂದ ಕಾರಿನಲ್ಲಿ ಕರೆತಂದಿದ್ದರು. ಇದನ್ನು ಸುಮಂಗಲಾ ಎಣಿಸಿರಲಿಲ್ಲ. ಮಡಿಲಲ್ಲಿದ್ದ ಕೈಚೀಲದ ಮೇಲೆ ಅವಳ ಕೈ ಒಂದು ಗಳಿಗೆ ಸಡಿಲಾಯಿತು. ದಾನೇಶ್ವರಿಯ ಉಣ್ಣದ ತಾಟು ನೆನಪಾಯಿತು, ಕೈ ಮತ್ತೆ ಬಿಗಿಯಾಯಿತು.

“ಯಾವ ಊರ ಸಾಲೀದಾದ್ರೂ ಒಂದು ನಂಬರ ಹೇಳ್ರಿ, ಇಲ್ಲೇ ತೋರಿಸ್ತೀನಿ,” ಎಂದರು ಸಿದ್ದರಾಮ ಮೈಕಿನಲ್ಲಿ.

“ಬಬಲೇಶ್ವರ, ನೂರಾ ಮೂವತ್ತೇಳು,” ಎಂದು ಸುಮಂಗಲಾ ಎದ್ದು ನಿಂತಳು.

ಪರದೆ ಕೆಂಪಾಯಿತು. ಯಶಸ್ಸಿನ ಸಾಧ್ಯತೆ ನೂರಕ್ಕೆ ಒಂಬತ್ತು. ಸಿದ್ದರಾಮರಿಗೆ ಉಮೇದು ಬಂತು. “ನೋಡ್ರಿ, ಇದು ಭಾಳ ಚೊಲೊ ಉದಾಹರಣಿ. ಅರವತ್ಮೂರು ದಿನ ಸಾಲಿಗೆ ಬಂದಿಲ್ಲ. ಗಣಿತದಾಗ ಫೇಲು. ತಾಯಿ ಅಡ್ನಾಡಿ ಕೂಲಿ ಹೆಂಗಸು, ಅಕ್ಷರ ಗೊತ್ತಿಲ್ಲ. ಇಂಥಾ ಮನಿಯಿಂದ ಏನು ಬರಬೇಕು?”

“ಸರ, ಹಿಂದಿನವರಿಗಿ ಕೇಳಲಿಲ್ಲರಿ. ಕಡೀ ಮಾತು ಇನ್ನೊಮ್ಮೆ ಹೇಳ್ರಿ,” ಎಂದಳು ಸುಮಂಗಲಾ.

“ಇಂಥಾ ಮನಿಯಿಂದ ಏನೂ ಬರೂದಿಲ್ಲ. ಇಂಥವರಿಗಿ ಸೀಟ್ ಕೊಟ್ರ ಸೀಟ್ ಹಾಳು.”

“ಪಕ್ಕಾ ಏನ್ರಿ?”

“ನಾ ಬರದು ಕೊಡ್ತೀನಿ, ಬೇಕೇನು?”

ಬೇಕಾಗಿರಲಿಲ್ಲ, ಬರೆದದ್ದು ಅವಳ ಹತ್ತಿರವೇ ಇತ್ತು. ಸುಮಂಗಲಾ ಚೀಲದಿಂದ ಹಳೆಯ ಪುಸ್ತಕ ತೆಗೆದು, ನೆಟ್ಟಗೆ ವೇದಿಕೆಗೆ ಹೋಗಿ ಅನುರಾಧಾರ ಮುಂದೆ ಬಿಚ್ಚಿಟ್ಟಳು. “ಮೇಡಂ, ಈ ಹುಡುಗನ ಹೆಸರು ಓದ್ರಿ. ಕಡೀಕ ಷರಾ ಕಾಲಂ ಐತಿ, ಅದನ್ನೂ ಓದ್ರಿ.”

ಅನುರಾಧಾ ಕನ್ನಡಕ ಏರಿಸಿದರು. ಸಿದ್ದರಾಮರತ್ತ ಒಮ್ಮೆ ನೋಡಿ, ಪುಸ್ತಕಕ್ಕೆ ಮರಳಿದರು. ಸಿದ್ದರಾಮ ಎಂಬ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಎಲ್ಲವನ್ನೂ ಮೈಕಿನಲ್ಲೇ ಓದಿದರು. ಆಮೇಲೆ ಷರಾ ಓದಿದರು: “ತಾಯಿಗೆ ಆಸರೆಯಾಗಿ ತೋಟದ ಕೆಲಸಕ್ಕೆ ಹೋಗಿದ್ದರಿಂದ ಗೈರು. ಹುಡುಗ ಹುಷಾರಿ ಇದ್ದಾನೆ. ತೇರ್ಗಡೆ ಮಾಡಿದೆ. ರಾಜಾರಾಮ ಮಾಸ್ತರ.”

ಹಿಂದಿನ ಸಾಲಿನಿಂದ ಯಾರೋ, “ಮಷೀನ್ ಏನ್ ಸುಳ್ಳ ಹೇಳಿಲ್ಲ ಬಿಡ್ರಿ, ಒಂಬತ್ತ ಅಂದದ್ದೂ ಹೆಚ್ಚಾತು!” ಎಂದರು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಸಿದ್ದರಾಮರ ಮುಖ ಸುಣ್ಣದಂತಾಯಿತು. ಸುಮಂಗಲಾ ಆ ಮುಖವನ್ನು ಕಣ್ತುಂಬ ನೋಡಿದಳು. ಸುಳ್ಳಾಡಬಾರದು, ಅವಳಿಗೆ ಹಿತವಾಯಿತು.

ಅನುರಾಧಾ ಅಲ್ಲಿಯೇ ಪಟ್ಟಿಯ ಮೇಲೆ ಗೀಟು ಎಳೆದರು. ಎಸ್ಸೆಸ್ಸೆಲ್ಸಿ ಅಂಕ ನೋಡಿ, ಮಕ್ಕಳನ್ನು ಎದುರಿಗೆ ಕರೆದು ಮಾತಾಡಿಸಿ ಹೊಸ ಪಟ್ಟಿ ಮಾಡಬೇಕೆಂದು ಬರೆದರು. ದಾನೇಶ್ವರಿಯ ಹೆಸರು ಕರೆಯುವವರಲ್ಲಿ ಮೊದಲಿಗಿತ್ತು. ಸುಮಂಗಲಾಳಿಗೆ, “ಸುಳ್ಳು ಎಂಟ್ರಿಗಿ ನಿಮಗೊಂದು ನೋಟೀಸ್ ಬರ್ತದ” ಎಂದರು. “ಬರ್ಲಿ ಬಿಡ್ರಿ ಮೇಡಂ, ಉತ್ತರದಾಗ ಷರಾ ಬರೀತೀನಿ,” ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

ಹೊರಗೆ ಮೆಟ್ಟಿಲ ಮೇಲೆ ಸಿದ್ದರಾಮ ಅಡ್ಡಗಟ್ಟಿದರು. “ಹೆತ್ತ ತಾಯಿ ಮುಂದ ನನ್ನ ಮರ್ಯಾದಿ ತಗದ್ಯಲ್ಲಾ?”

“ನಾ ಏನೂ ಮಾಡಿಲ್ಲರಿ ಸರ. ಡಾಟಾ ಹೇಳ್ತದ. ಮೈಕಿನಾಗ ಮಾತಾಡಿದವರು ನೀವ ಅಲ್ಲೇನು?” ಎಂದಳು. ನಗಲಿಲ್ಲ, ಅವರ ನಗುವನ್ನು ಅವರಿಗೇ ಬಿಟ್ಟಳು.

ಅಷ್ಟರಲ್ಲಿ ಗೌರಾಬಾಯಿ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಸಿದ್ದರಾಮ ಓಡಿಹೋಗಿ ಕಾರಿನ ಬಾಗಿಲು ತೆಗೆದರು. “ಬಾ ಬೇ, ಕುಂದರ.”

ಮುದುಕಿ ಕಾರಿನತ್ತ ನೋಡಲೇ ಇಲ್ಲ. “ಅಡ್ನಾಡಿ ಹೆಂಗಸು ಕಾರಿನಾಗ ಯಾಕ ಕುಂದರಬೇಕೋ ಯಪ್ಪಾ? ಬಸ್ಸು ಅದಾವಲ್ಲ,” ಎಂದಳು. ಆಮೇಲೆ ಸುಮಂಗಲಾಳತ್ತ ತಿರುಗಿ, “ತಂಗೀ, ನೀ ಬಬಲೇಶ್ವರದ ಕಡೆ ಹೊಂಟೀಯೇನ?” ಎಂದಳು.

ತಿಕೋಟಾ ಬಸ್ಸಿಗೆ ಹೋಗಬೇಕಾಗಿದ್ದ ಸುಮಂಗಲಾ, “ಹೂಂನಬೇ, ಬಾ” ಎಂದಳು.

ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಬಸ್ಸು ಊರು ದಾಟಿತು. ಮುದುಕಿ ಸೀರೆಯ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು: “ಆ ಪುಸ್ತಕದಾಗ ಮಾಸ್ತರ ನನ್ನ ಬಗ್ಗೆ ಏನ ಬರದಾರವ್ವಾ? ಇನ್ನೊಮ್ಮೆ ಓದಿ ಹೇಳು.”

ಸುಮಂಗಲಾ ಚೀಲದಿಂದ ಪುಸ್ತಕ ತೆಗೆದಳು.