ಗಾಲಿಗೆ ಹಾಕಿದ ಎಣ್ಣೆ

ದಾಂಡೇಲಿಯ ಹಳೆಯ ಕಟ್ಟಿಗೆ ಡಿಪೋದ ಹಿಂದೆ ಗಿಡಗಂಟಿಯಲ್ಲಿ ಹೂತುಹೋಗಿದ್ದ, ಒಂದು ಕಾಲಕ್ಕೆ ಹಳಿಯ ಮೇಲೆ ಕಟ್ಟಿಗೆ ಸಾಗಿಸುತ್ತಿದ್ದ ಟ್ರಾಮ್ ಬಂಡಿಯನ್ನು ಉಸ್ಮಾನಸಾಬ ಎಬ್ಬಿಸಿ ನಿಲ್ಲಿಸಿದ್ದ. ಅದನ್ನು ಶೆಡ್ಡಿನಿಂದ ಕಾಳಿ ಹೊಳೆಯ ದಂಡೆಯವರೆಗೆ ಓಡಿಸಬೇಕು, ರವಿವಾರ ಜನ ಅದರಲ್ಲಿ ಕೂತು ತಿರುಗಾಡಬೇಕು, ಉಳಿದ ದಿನ ಶಾಲೆಯ ಮಕ್ಕಳಿಗೆ ಅದರಲ್ಲೇ ಪಾಠ ಆಗಬೇಕು ಎಂದು ಊರಿನ ಸಮಿತಿಯವರು ಹೊರಟಾಗ ನಕ್ಕವರೇ ಹೆಚ್ಚು. ಲಾರಿ ರಿಪೇರಿ ಮಾಡುವ ಸಾಬನಿಗೆ ಟ್ರಾಮ್ ಏನು ಗೊತ್ತು ಎಂದರು. ನಿಜ ಹೇಳಬೇಕೆಂದರೆ ಅವನಿಗೂ ಗೊತ್ತಿರಲಿಲ್ಲ. ಬಿಚ್ಚಿ, ಜೋಡಿಸಿ, ತಪ್ಪಿ, ಬೈಸಿಕೊಂಡು ಕಲಿತ.

ಒಂದೇ ಒಂದು ಸಂಗತಿ ಅವನ ನಿದ್ದೆ ಕೆಡಿಸಿತ್ತು. ಶೆಡ್ಡಿನ ಬಾಗಿಲು ದಾಟಿದರೆ ಇಳಿಜಾರು. ಇಳಿಜಾರು ಮುಗಿದಲ್ಲಿ ಹಳಿಗೆ ಅಡ್ಡಲಾಗಿ ಎರಡು ಮರದ ದಿಮ್ಮಿ, ಅದರಾಚೆ ಹೊಳೆ. ಮರಳಿನ ಚೀಲ ಪೇರಿಸಿ ಬಂಡಿಯನ್ನು ಎಷ್ಟೋ ಸಲ ಇಳಿಸಿ ನೋಡಿದ್ದ. ಪ್ರತಿ ಸಲವೂ ಬ್ರೇಕು ಹಿಡಿದಿತ್ತು. ಆದರೂ ಆ ದಿಮ್ಮಿ ಕಂಡರೆ ಅವನು ಇನ್ನೊಮ್ಮೆ ಬ್ರೇಕು ಎಳೆದು ನೋಡುತ್ತಿದ್ದ.

ಮೊದಲ ಓಟದ ದಿನ ಬಂಡಿಯ ತುಂಬ ಮಕ್ಕಳು. ಮುಂದಿನ ಬೆಂಚಿನಲ್ಲಿ ಯಲ್ಲವ್ವನ ಮೊಮ್ಮಗಳು ವಿದ್ಯಾವತಿ. ಯಲ್ಲವ್ವ ಉಸ್ಮಾನಸಾಬನ ಪಕ್ಕದ ಮನೆಯವಳು. ಅವನ ಮಗಳು ಬದರುನ್ನಿಸಾ ಹಡೆದು ಕೂಸಿನೊಡನೆ ಮನೆಗೆ ಬಂದಾಗ, ಸ್ವಂತ ಮಗಳಿಗೆ ಮಾಡಿದಂತೆ ಹೊಸ್ತಿಲಿಗೆ ಎಣ್ಣೆ ಹಾಕಿ ಒಳಗೆ ಕರೆದವಳು ಅವಳೇ.

ಸಮಿತಿಯ ಅಧ್ಯಕ್ಷ ನಾಗಲಿಂಗಪ್ಪ ಕಾಯಿ ಒಡೆದು ಆರತಿ ಎತ್ತಿದ. ಅಷ್ಟರಲ್ಲಿ ಯಲ್ಲವ್ವ ಎಣ್ಣೆಯ ಗಿಂಡಿ ಹಿಡಿದು ಮುಂದೆ ಬಂದಳು.

“ಇಷ್ಟು ವರ್ಷ ಹೊರಗ ಬಿದ್ದಿತ್ತು ಪಾಪ. ಮನಿಗೆ ಬಂದಾಕೀನ ಎಣ್ಣಿ ಹಾಕದ ಹೆಂಗ ಕರಕೊಳ್ಳೂದು?”

ಎರಡೂ ಹಳಿಗೆ ಧಾರೆಯಾಗಿ ಸುರಿದಳು, ಗಾಲಿಗಳಿಗೂ ಸುರಿದಳು. ಓಣಿಯ ಹೆಂಗಸರೂ ಹಿಂದೆ ಬೀಳಲಿಲ್ಲ, ತಾವು ತಂದದ್ದನ್ನು ಇಳಿಜಾರಿನ ಹಳಿಗೂ ಹಾಕುತ್ತ ಹೋದರು. ಹಳಿ ಬಿಸಿಲಿಗೆ ಮಿರಮಿರ ಮಿಂಚಿತು.

ಉಸ್ಮಾನಸಾಬ ಹಳಿಯನ್ನು ನೋಡಿದ, ಇಳಿಜಾರಿನ ತುದಿಯ ದಿಮ್ಮಿಯನ್ನು ನೋಡಿದ. ಬ್ರೇಕು ಗಾಲಿಯನ್ನು ಹಿಡಿದೀತು. ಎಣ್ಣೆ ಕುಡಿದ ಹಳಿಯ ಮೇಲೆ ಗಾಲಿಯನ್ನು ಹಿಡಿಯುವವರು ಯಾರು? ಒರೆಸಲೆಂದು ಅರಿವೆ ತೆಗೆದುಕೊಂಡು ಎರಡು ಹೆಜ್ಜೆ ಇಟ್ಟ. ಸುತ್ತ ಮೊಬೈಲುಗಳು ಎದ್ದಿದ್ದವು. ಪೂಜೆಯ ಎಣ್ಣೆಯನ್ನು ಸಾಬ ಒರೆಸಿ ಚೆಲ್ಲಿದ ಎಂದು ಸಂಜೆಯೊಳಗೆ ಹಳಿಯಾಳ, ಮುಂಡಗೋಡದವರೆಗೂ ಹರಿದಾಡಿದರೆ? ಈಗಿನ ಕಾಲ ಎಂಥದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಹೋದದ್ದರ ಲೆಕ್ಕ ಆ ಗಾದೆ ಕಟ್ಟಿದವನು ಇಟ್ಟಿಲ್ಲ.

“ಹೊರಡ್ರಿ ಉಸ್ಮಾನಸಾಬರ, ಮುಹೂರ್ತ ಮೀರತೈತಿ,” ಎಂದ ನಾಗಲಿಂಗಪ್ಪ.

ಅರಿವೆಯನ್ನು ಹೆಗಲಿಗೆ ಹಾಕಿಕೊಂಡು ಅವನು ಬಂಡಿ ಹತ್ತಿದ. ಸಾವಕಾಶ ಹೋದರೆ ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಇಳಿಜಾರಿನ ಅರ್ಧಕ್ಕೆ ಬ್ರೇಕು ಎಳೆದ. ಗಾಲಿ ತಿರುಗುವುದು ನಿಂತಿತು, ಬಂಡಿ ನಿಲ್ಲಲಿಲ್ಲ. ಮೈಯ ಭಾರವನ್ನೆಲ್ಲ ಹಿಡಿಕೆಯ ಮೇಲೆ ಹಾಕಿದ. ಬಂಡಿ ಇನ್ನೂ ಜೋರಾಗಿ ಜಾರಿತು. ಮಕ್ಕಳು ಇದೂ ಆಟದಲ್ಲೇ ಸೇರಿದ್ದು ಎಂದುಕೊಂಡು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಹಳಿಯ ಪಕ್ಕದಲ್ಲಿ ನಡೆದು ಬರುತ್ತಿದ್ದ ಹೆಂಗಸರೂ ನಗುತ್ತ ಕೈ ಬೀಸಿದರು.

“ಬಗ್ಗಿ ಕೂಡ್ರಿ. ಬೆಂಚ್ ಗಟ್ಟಿ ಹಿಡೀರಿ,” ಎಂದು ಅವನು ಅರಚಿದ. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಮೊದಲ ದಿಮ್ಮಿ ಸೀಳಿ ಹೊಳೆಗೆ ಬಿತ್ತು. ಎರಡನೆಯದು ವಾಲಿಕೊಂಡು ಬಂಡಿಯನ್ನು ತಡೆಯಿತು. ಆಮೇಲೆ ಮಕ್ಕಳೆಲ್ಲ ಒಟ್ಟಿಗೆ ಅಳತೊಡಗಿದರು. ವಿದ್ಯಾವತಿ ಮಾತ್ರ ಅಳದೆ, ಮೊಣಕೈ ಕೆಳಗೆ ಓರೆಯಾಗಿ ತೂಗುತ್ತಿದ್ದ ತನ್ನ ಕೈಯನ್ನೇ ನೋಡುತ್ತಿದ್ದಳು.

ಯಲ್ಲವ್ವ ಓಡಿ ಬಂದಳು. ಮೊಮ್ಮಗಳನ್ನು ತಬ್ಬಿಕೊಂಡು ಉಸ್ಮಾನಸಾಬನ ಕಡೆ ತಿರುಗಿದಳು.

“ಎಣ್ಣಿ ಹಾಕಿದ್ದಕ್ಕ ಕೂಸು ಉಳೀತು ತಮ್ಮಾ. ಇಲ್ಲಂದ್ರ ಎಲ್ಲಾವು ಹೊಳಿ ಪಾಲ ಆಗತಿದ್ವು. ಮುಂದಿನ ಸಲ ಎರಡು ಗಿಂಡಿ ಹಾಕ್ತೇನಿ.”

ಹೆಂಗಸರು ಹೌದೆಂದು ಗೋಣು ಹಾಕಿದರು. ನಾಗಲಿಂಗಪ್ಪನೂ ಹಾಕಿದ. ಉಸ್ಮಾನಸಾಬ ಅಲ್ಲಿಯೂ ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಆದರೆ ಎರಡು ಗಿಂಡಿ ಎಂಬ ಮಾತು ಕೇಳಿ ಅವನು ಹೆಗಲ ಮೇಲಿನ ಅರಿವೆ ತೆಗೆದು ಮುಂದೆ ಬಂದ.

“ಅಕ್ಕಾ, ಬಂಡಿ ಜಾರಿದ್ದ ಆ ಎಣ್ಣಿಗೆ. ನೀವು ಹಾಕೂದು ನೋಡಿದ್ದೆ. ವರಸೂಣಂತ ಅರವೀನೂ ಹಿಡದಿದ್ದೆ.”

“ಮತ್ತ ಯಾಕ ಸುಮ್ಮನ ನಿಂತಿ?”

“ಪೂಜಾಕ್ಕ ಸಾಬ ಅಡ್ಡ ಬಂದ ಅಂದಾರು ಅಂತ.”

ಯಲ್ಲವ್ವ ಮಗುವಿನ ಕೈ ನೋಡಿದಳು. ಆಮೇಲೆ ಅವನನ್ನು ನೋಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

“ಮಂದಿ ಅಂತಿದ್ರು, ಖರೆ,” ಎಂದಳು. “ನಾ ಅಂತಿದ್ನೇನು?”

ಅವನು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದ. ಅವಳು ಬೇಡವೆಂದು ತಲೆಯಾಡಿಸಿ, ಮೊಮ್ಮಗಳನ್ನು ತಾನೇ ಹೊತ್ತುಕೊಂಡು ಇಳಿಜಾರು ಹತ್ತಿದಳು.