ಯಂತ್ರದ್ದೇ ತಪ್ಪು

ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ‘ತಕ್ಕಡಿ ಮೇಷ್ಟ್ರು’ ಎನ್ನುತ್ತಿದ್ದರು. ಪ್ರಯೋಗಾಲಯದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮೊದಲಿಂದ ತೂಗಿಸುವ ಆಸಾಮಿ. ಮನೆಯಲ್ಲಿ ಉಪ್ಪನ್ನೂ ತೂಗಿಯೇ ಹಾಕಿಸುತ್ತಾರಂತೆ ಎಂಬ ಮಾತು ಕಿವಿಗೆ ಬಿದ್ದಾಗ ಅವರಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಅವರ ಹಳೆಯ ಶಿಷ್ಯೆ ಈಗ ಅದೇ ವಿಭಾಗದಲ್ಲಿ ಹಂಗಾಮಿ ಉಪನ್ಯಾಸಕಿ. ಊರಿನ ನಲ್ಲಿ ನೀರಿನಲ್ಲಿ ಸೀಸವಿದೆ, ಅದು ಕೆರೆ ದಂಡೆಯ ಬ್ಯಾಟರಿ ಕಾರ್ಖಾನೆಯಿಂದ ಬರುತ್ತಿದೆ ಎಂದು ಅವಳು ಕಂಡುಹಿಡಿದಳು. ಮೇಷ್ಟ್ರು ನಂಬದೆ ತಾವೇ ಪ್ರಯೋಗಾಲಯದ ಯಂತ್ರದ ಮುಂದೆ ಕೂತು ಮತ್ತೆ ಅಳೆದರು. ಅವಳ ಲೆಕ್ಕ ಸರಿಯಿತ್ತು. ಆವತ್ತೇ ಮನೆಗೆ ಕ್ಯಾನ್ ನೀರು ತರಿಸಿದರು. ಅವಳ ಲೇಖನ ಅಚ್ಚಾದಾಗ ಬೆನ್ನೂ ತಟ್ಟಿದರು.

ಕಾರ್ಖಾನೆ ಮಂತ್ರಿಯ ಭಾವಮೈದುನನದು.

ಕುಲಪತಿಗಳು ಮೇಷ್ಟ್ರನ್ನು ಕರೆಸಿ ಚಹಾ ಕೊಟ್ಟರು. “ಸುಳ್ಳು ಹೇಳಿ ಅಂತ ನಾನ್ಯಾಕೆ ಕೇಳ್ಲಿ? ಯಂತ್ರ ಹಳೇದು, ಒಮ್ಮೊಮ್ಮೆ ತಪ್ಪು ತೋರಿಸುತ್ತೆ ಅಂದ್ರೆ ಸಾಕು. ಯಂತ್ರಕ್ಕೇನು ಮಾನ ಹೋಗುತ್ತಾ? ಇಲ್ದಿದ್ರೆ ನಿಮ್ಮ ವಿಭಾಗಕ್ಕೇ ಬೀಗ ಬೀಳುತ್ತೆ.”

ಮೇಷ್ಟ್ರು ಪತ್ರಕರ್ತರ ಮುಂದೆ ಹಾಗೆಯೇ ಹೇಳಿದರು. ಹಿಂದಿನ ಸಾಲಿನಲ್ಲಿದ್ದ ಶಿಷ್ಯೆ ವರಾಂಡದಲ್ಲಿ ಎದುರಾದಳು.

“ಸಾರ್, ನೀವೇ ಅಳೆದ್ರಲ್ಲ?”

“ನಿನಗೆ ಬೇರೆ ಕಡೆ ಒಳ್ಳೇ ಕೆಲಸ ಕೊಡಿಸ್ತೀನಮ್ಮ.”

“ನಾನು ಕೇಳಿದ್ದು ಅದಲ್ಲ ಸಾರ್.”

ಅವಳ ಕೆಲಸ ಮುಂದುವರಿಯಲಿಲ್ಲ. ಮೇಷ್ಟ್ರು ಪಾಠದಲ್ಲಿದ್ದ ಹೊತ್ತು ನೋಡಿ ಬಂದು, ಕೋಣೆಯ ಬೀಗದ ಕೈ ಜವಾನನಿಗೆ ಕೊಟ್ಟು ಹೋದಳು.

ಒಂದು ಭಾನುವಾರ ಪಕ್ಕದ ಮನೆಯ ಬಸ್ ಡ್ರೈವರ್ ಮೊಮ್ಮಗಳನ್ನು ಎತ್ತಿಕೊಂಡು ಕಾಂಪೌಂಡಿನ ಬಳಿ ಬಂದ. “ನೀವು ಪೇಪರಲ್ಲಿ ಹೇಳಿದ್ಮೇಲೆ ಸಮಾಧಾನ ಆಯ್ತು ಸಾರ್. ಈಗ ಮಗೂಗೂ ನಲ್ಲಿ ನೀರೇ ಕೊಡ್ತಿದ್ದೀವಿ.”

ಮೇಷ್ಟ್ರು ಆಚೀಚೆ ನೋಡಿ ಪಿಸುಗುಟ್ಟಿದರು: “ಕೊಡ್ಬೇಡಪ್ಪ. ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡ.”

ಡ್ರೈವರ್ ಅವರನ್ನೇ ದಿಟ್ಟಿಸಿದ. “ಹಾಗಾದ್ರೆ ಉಳಿದವರ ಮಕ್ಕಳು?”

ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಡ್ರೈವರ್ ಸುಮ್ಮನಿರುವ ಪೈಕಿಯಲ್ಲ. ಬೀದಿಯಲ್ಲೆಲ್ಲ ಹೇಳಿದ. ಸುದ್ದಿ ಕುಲಪತಿಗಳವರೆಗೂ ಹೋಯಿತು. ಅವರ ಫೋನ್ ಬಂದಾಗ ಮೇಷ್ಟ್ರ ಹೆಂಡತಿ ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದರು.

“ಇಲ್ಲ ಸಾರ್, ನಾನ್ಯಾಕೆ ಹಾಗೆ ಹೇಳ್ಲಿ? ಪಾಪ, ಓದಿದವನಲ್ಲ. ಏನೋ ತಪ್ಪಾಗಿ ಕೇಳಿಸ್ಕೊಂಡಿದ್ದಾನೆ. ಹೌದು, ಬೇಕಾದ್ರೆ ಬರೆದೂ ಕೊಡ್ತೀನಿ.”

ಅವರು ಫೋನ್ ಇಟ್ಟಾಗ ಹೆಂಡತಿ ಕೈಯಲ್ಲಿದ್ದ ಟವೆಲ್ಲನ್ನು ಕೆಳಗಿಟ್ಟರು.

“ಆ ಹುಡುಗಿ ಹೋದಾಗ, ವಿಭಾಗ ಉಳೀತಲ್ಲ ಅಂದ್ರಿ. ನಾನೂ ಹೂಂ ಅಂದೆ. ಈಗ ಈ ಮನುಷ್ಯನ್ನೂ ಸುಳ್ಳ ಮಾಡಿದ್ರಾ?”

“ನಿನಗೆ ಗೊತ್ತಾಗಲ್ಲ ಕಣೇ, ಒಂದು ಸಲ ಒಪ್ಕೊಂಡ ಮೇಲೆ...”

ಹೆಂಡತಿ ಪೂರ್ತಿ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಮೇಷ್ಟ್ರಿಗೆ ತಡೆಯುವ ಮುಖವೂ ಇರಲಿಲ್ಲ, ಜೊತೆಗೆ ಹೋಗುವ ಧೈರ್ಯವೂ ಇರಲಿಲ್ಲ. ಕಿಟಕಿಯ ಪರದೆಯ ಸಂದಿಯಿಂದ ನೋಡಿದರು. ಹೆಂಡತಿ ಡ್ರೈವರನ ಬಾಗಿಲಲ್ಲಿ ನಿಂತು ಕೈಜೋಡಿಸಿದರು. ಆಮೇಲೆ ಎದುರು ಮನೆಗೆ, ಅಲ್ಲಿಂದ ಅದರಾಚೆಯ ಮನೆಗೆ ಹೋದರು. ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.

ಎದುರು ಮನೆಯಾಕೆ ಅವರ ಹಿಂದೆಯೇ ಬಂದು ಗಟ್ಟಿಯಾಗಿ ಕೇಳಿದಳು: “ಅಲ್ಲಾ ಅಕ್ಕ, ನಲ್ಲಿ ನೀರು ಕುಡೀಬೇಡಿ ಅಂತೀರಲ್ಲ, ಮೇಷ್ಟ್ರು ಏನಂತಾರೆ?”

“ಅವರನ್ನ ಕೇಳ್ಬೇಡಮ್ಮ,” ಎಂದರು ಹೆಂಡತಿ. “ನಾನು ಹೇಳ್ತಿದ್ದೀನಲ್ಲ.”

ಮೇಷ್ಟ್ರು ಕಿಟಕಿ ಮುಚ್ಚಲು ಕೈ ಚಾಚಿದವರು, ಮುಚ್ಚಲಾರದೆ ಹಾಗೇ ನಿಂತರು.